ಖಣದ ಶರ್ಟ್

ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಇವತ್ತು ಗುಳೇದಗುಡ್ಡ ಖಣದ ಶರ್ಟ್ ಹಾಕಿಕೊಂಡು ಬಂದಿದ್ದ. ನೋಡಿ ಖುಷಿಯಾಯ್ತು.

ನಮ್ಮ ಬಾಗಲಕೋಟೆ ಕಡೆ ಖಣ ಅಂದ್ರೆ ಕುಬಸದ (ರವಿಕೆಯ) ಬಟ್ಟೆ, ಇಳಕಲ್ ಸೀರೆಗೆ ಜೋಡಿ. ಬಟ್ಟೆ ತುಂಬಾ ಆನೆಹೆಜ್ಜೆ, ತೇರು, ಸೂರ್ಯನಾರಾಯಣ ಅಂತ ಪುಟ್ಟ ಪುಟ್ಟ ಚಿತ್ತಾರ, ಅಂಚಿಗೆ ದಡಿ. ಆ ದಡಿ ಸರಿಯಾಗಿ ತೋಳಿನ ತುದಿಗೇ ಬರಬೇಕು. ಚೂರು ಓರೆಯಾದರೂ ದರ್ಜಿಗೆ ಅಜ್ಜಿಯ ಬೈಗುಳ ಗ್ಯಾರಂಟಿ! ಈಗ ಅದೇ ಬಟ್ಟೆಯಲ್ಲಿ ಕುರ್ತಾ, ಜಾಕೆಟ್, ಲ್ಯಾಪ್‌ಟಾಪ್ ಚೀಲ ಎಲ್ಲಾ ಬಂದಿದೆ. ಕೆಲವರು ಮೂಗು ಮುರಿಯುತ್ತಾರೆ. ನನಗಂತೂ ಇಷ್ಟ.

ಯಾಕಂದ್ರೆ ಆಗಿನ ಖಣ ಎಲ್ಲರದ್ದೂ ಆಗಿರಲಿಲ್ಲ. ಉಡಿ ತುಂಬುವಾಗ ಖಣ, ತೆಂಗಿನಕಾಯಿ, ಅಕ್ಕಿ ಎಲ್ಲಾ ಮುತ್ತೈದೆಯರಿಗೆ ಮಾತ್ರ. ಗಂಡನನ್ನು ಕಳೆದುಕೊಂಡವರು ಬಾಗಿಲ ಆಚೆ ನಿಂತು ನೋಡಬೇಕು. ನಮ್ಮ ದೊಡ್ಡವ್ವನೂ ಹಾಗೆ ನಿಂತವಳೇ. ಹೋದ ದೀಪಾವಳಿಗೆ ಮೊಮ್ಮಗಳು ಅವಳಿಗೆ ನೇರಳೆ ಖಣದ ಜಂಪರ್ ಹೊಲಿಸಿಕೊಟ್ಟಳು. "ನನಗ್ಯಾಕ ಬೇಕವ್ವಾ ಇದೆಲ್ಲಾ" ಅಂದಳು. ಈಗ ಸಂತೆಗೂ ಅದನ್ನೇ ಹಾಕಿಕೊಂಡು ಹೋಗುತ್ತಾಳಂತೆ.

ಅಂದಹಾಗೆ, ಖಣ ತಗೊಳ್ಳುವಾಗ ಕೈಮಗ್ಗದ್ದಾ ಅಂತ ಒಮ್ಮೆ ಕೇಳಿ. ಪವರ್‌ಲೂಮ್ ಮಾಲು ಕೂಡ ಅದೇ ಹೆಸರಲ್ಲಿ ಮಾರಾಟವಾಗುತ್ತದೆ.