ಆರೂವರೆಗೆ ಪಿಯಾನೊ, ಪಾರ್ಕಿನಲ್ಲಿ ಅಜ್ಜ-ಅಜ್ಜಿ

ನಮ್ಮಲ್ಲಿ ಅರವತ್ತಾಯಿತು ಅಂದರೆ ಅರಳುಮರಳು. ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ’ ಎಂದು ವಯಸ್ಸಾದವರೇ ತಮ್ಮನ್ನು ತಾವು ಹಳಿದುಕೊಳ್ಳುತ್ತಾರೆ. ಮಕ್ಕಳೂ ಕಮ್ಮಿಯಿಲ್ಲ: ‘ನೀವು ಸುಮ್ಮನೆ ಕೂತಿರಿ ಅಪ್ಪಾ.’ ಇದು ಪ್ರೀತಿಯೇ, ಆದರೆ ಮಂಡಿ ಹಿಡಿದುಕೊಳ್ಳುವುದು ಹೀಗೆ ಕೂತಲ್ಲೇ.

ಜಪಾನಿನಲ್ಲಿ ಬೆಳಗ್ಗೆ ಪಾರ್ಕಿಗೆ ಹೋದರೆ ಟೋಪಿ ಹಾಕಿದ ಹಿರಿಯರು ಒಬ್ಬೊಬ್ಬರೇ ಬಂದು ಸೇರುತ್ತಿರುತ್ತಾರೆ. ಬೆಂಚಿನ ಮೇಲೊಂದು ರೇಡಿಯೊ. 6.30ಕ್ಕೆ ಸರಿಯಾಗಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯಲ್ಲಿ ಪಿಯಾನೊ ಶುರು. ಇದೇ ‘ರಾಜಿಯೊ ತೈಸೊ’, ರೇಡಿಯೊ ಕಸರತ್ತು. 1928ರಿಂದ ಇದೆ, ಈಗಿನ ಮೊದಲ ವರಸೆ 1951ರದ್ದು. ಹದಿಮೂರು ಚಲನೆ, ಮೂರು ನಿಮಿಷ ಚಿಲ್ಲರೆ. ಬೇಸಿಗೆ ರಜೆಯಲ್ಲಿ ಮಕ್ಕಳೂ ಕೊರಳಿಗೆ ಕಾರ್ಡು ನೇತುಹಾಕಿಕೊಂಡು ಬರುತ್ತಾರೆ. ಎಷ್ಟೋ ಕಡೆ ಅವರ ಹಾಜರಿಗೆ ಮೊಹರು ಒತ್ತುವುದು ಈ ಅಜ್ಜ-ಅಜ್ಜಿಯರೇ. ಬರದಿದ್ದರೆ ‘ಯಾಕೆ ಬರಲಿಲ್ಲ’ ಎಂದು ಕೇಳುವವರಿದ್ದಾರೆ. ಅರ್ಧ ಔಷಧಿ ಅದೇ.

ವಯಸ್ಸಾದವರ ವಿಷಯದಲ್ಲಿ ಜಪಾನಿನಲ್ಲೂ ಎಲ್ಲವೂ ಸರಿಯಿದೆ ಅಂತಲ್ಲ. ವಯಸ್ಸಾದ ಚಾಲಕರ ಕಾರಿಗೆ ಅಂಟಿಸುವ ಗುರುತು 1997ರಲ್ಲಿ ಬಂದಾಗ ಕಿತ್ತಳೆ-ಹಳದಿ ಎಲೆಯಂತಿತ್ತು. ‘ಒಣಗಿದ ಎಲೆ’ ಎಂದು ಜನ ಆಡಿಕೊಂಡರು. 2011ರಲ್ಲಿ ಅದು ನಾಲ್ಕೆಲೆಯ ಕ್ಲೋವರ್ ಸೊಪ್ಪಿನ ಆಕಾರವಾಯಿತು. 75 ದಾಟಿದವರ ಆರೋಗ್ಯ ವಿಮೆಗೆ 2008ರಲ್ಲಿ ‘ಉತ್ತರಾರ್ಧದ ವೃದ್ಧರು’ ಎಂಬರ್ಥದ ಹೆಸರಿಟ್ಟು ಸರ್ಕಾರ ಬೈಸಿಕೊಂಡಿತು. ಅವಸರದಲ್ಲಿ ‘ದೀರ್ಘಾಯು’ ಎಂಬ ಅಡ್ಡಹೆಸರು ತಂದರು. ಕಾಗದದ ಮೇಲೆ ಮಾತ್ರ ಹಳೆಯದೇ ಉಳಿದಿದೆ.

ನಮ್ಮೂರಲ್ಲಿ ಈ ಕಸರತ್ತು ಮಾಡಿಸುವುದಾದರೆ ರೆಕಾರ್ಡಿಂಗ್ ಹಾಕಿಕೊಳ್ಳಿ, ಜಪಾನಿನ ಆರೂವರೆ ಅಂದರೆ ಭಾರತದಲ್ಲಿ ನಸುಕಿನ ಮೂರು ಗಂಟೆ. ಎಡವಟ್ಟಾಗುವುದು ಎರಡು ಕಡೆ. ಆರನೆಯ ಚಲನೆಯಲ್ಲಿ ಮುಂದಕ್ಕೆ ಬಗ್ಗಿ ಹಿಂದಕ್ಕೆ ವಾಲಬೇಕು, ಬಿ.ಪಿ. ಮಾತ್ರೆ ತಗೊಳ್ಳುವವರು ತಟ್ಟನೆ ತಲೆಯೆತ್ತಿದರೆ ಕಣ್ಣು ಕತ್ತಲೆ ಬರಬಹುದು. ಅವರು ಅರ್ಧಕ್ಕಷ್ಟೇ ಬಗ್ಗಿ ನಿಧಾನವಾಗಿ ಏಳಲಿ. ಹನ್ನೊಂದನೆಯದು ಕುಪ್ಪಳಿಸುವುದು. ಮಂಡಿನೋವು, ಮೂಳೆ ಸವೆತ ಇದ್ದವರಿಗೆ ಅದು ಬೇಡ. ಗೋಡೆ ಹಿಡಿದು ತಾಳಕ್ಕೆ ಸರಿಯಾಗಿ ಹಿಮ್ಮಡಿ ಎತ್ತಿಳಿಸಿದರೆ ಸಾಕು. ನಿಲ್ಲಲಾಗದವರು ಕೂತೇ ಕೈ, ಭುಜ ಆಡಿಸಬಹುದು, ಆದರೆ ಕುರ್ಚಿ ಗೋಡೆಗೆ ಒತ್ತಿಟ್ಟದ್ದಾಗಿರಲಿ. ಚಕ್ರವಿರುವ ಆಫೀಸ್ ಕುರ್ಚಿಯಂತೂ ಬೇಡವೇ ಬೇಡ.