ಕಾಯಂ ಸರಿಯೋ, ಖಾಯಂ ಸರಿಯೋ?

ಕರಡು ತಿದ್ದುವ ಕೆಲಸ ನನ್ನದು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಶಾಶ್ವತ ಅನ್ನುವ ಒಳ್ಳೆಯ ಪದ ಇರುವಾಗ ಇದು ಯಾಕೆ ಬೇಕು?

ನಾನು ಕಾಯಂ ಅಂತಲೇ ಬರೆಯುತ್ತೇನೆ. ಪದ ಬಂದದ್ದು ಅರಬ್ಬಿಯಿಂದ. ಅಲ್ಲಿ ಅದರ ಮೊದಲ ಅಕ್ಷರ ಗಂಟಲಿನ ಆಳದಿಂದ ಬರುವ ಕ, ನಮ್ಮ ‘ಕಾನೂನು’ ಪದದ್ದೂ ಅದೇ. ಖರ್ಚು, ಖಾಲಿ, ಖುಷಿಯ ಅಕ್ಷರ ಬೇರೆ. ಮೂಲ ನೋಡಿದರೆ ಮಹಾಪ್ರಾಣಕ್ಕೆ ಜಾಗವಿಲ್ಲ. ಆದರೆ ಖೈದಿಯಲ್ಲೂ ಇದ್ದದ್ದು ಆ ಗಂಟಲ ಕ ತಾನೇ, ಅದನ್ನು ನಾವು ಖ ಮಾಡಿಕೊಂಡು ಎಷ್ಟೋ ಕಾಲವಾಯಿತು, ಯಾರಿಗೂ ತೊಂದರೆಯಾಗಿಲ್ಲ. ಹಾಗಾಗಿ ಖಾಯಂ ಬರೆದವರದು ತಪ್ಪು ಅನ್ನಲಾರೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೇ.

ಎರಡನೇ ಪ್ರಶ್ನೆಯೇ ನನಗೆ ಜಾಸ್ತಿ ಇಷ್ಟ. ಅರಬ್ಬಿಯಲ್ಲಿ ಈ ಪದಕ್ಕೆ ‘ನಿಂತಿರುವುದು’ ಅಂತ ಅರ್ಥ. ಶಾಶ್ವತದ ಬೇರು ಸಂಸ್ಕೃತದ ‘ಶಶ್ವತ್’, ಅಂದರೆ ಯಾವಾಗಲೂ. ಶಾಶ್ವತಕ್ಕೆ ಕೊನೆಯಿಲ್ಲ. ಕಾಯಂ ಕೊನೆಯ ಮಾತನ್ನೇ ಎತ್ತುವುದಿಲ್ಲ, ಇದ್ದಲ್ಲಿ ಗಟ್ಟಿಯಾಗಿ ನಿಂತಿದೆ ಅನ್ನುತ್ತದೆ. ‘ಹೈಕೋರ್ಟ್ ಶಿಕ್ಷೆ ಕಾಯಂ ಮಾಡಿತು’ ಅಂತ ಓದುತ್ತೀರಲ್ವಾ, ಅಲ್ಲಿ ಮೂರು ವರ್ಷದ ಶಿಕ್ಷೆ ಮೂರೇ ವರ್ಷ, ಕೆಳಗಿನ ಕೋರ್ಟಿನ ಮಾತು ಬಿದ್ದುಹೋಗಲಿಲ್ಲ ಅಂತ ಮಾತ್ರ. ಅಲ್ಲಿ ಶಾಶ್ವತ ಹಾಕಿ ನೋಡಿ, ಆ ಮನುಷ್ಯ ಜೈಲಿನಿಂದ ಹೊರಗೆ ಬರುವುದೇ ಇಲ್ಲ. ದಿನಾ ಬೆಳಿಗ್ಗೆ ಕಾಫಿಗೆ ಬರುವವರು ಕಾಯಂ ಗಿರಾಕಿ. ಕೋಲಾರ, ಚಿಕ್ಕಬಳ್ಳಾಪುರದವರು ಕೇಳುತ್ತ ಬಂದದ್ದು ಮಾತ್ರ ಶಾಶ್ವತ ನೀರಾವರಿ. ಮೊಮ್ಮಕ್ಕಳ ಕಾಲಕ್ಕೂ ಬೇಕಾದ ನೀರು ಅದು, ಅಲ್ಲಿ ಆ ಪದವೇ ಸರಿ.

ಕಾಯಂ ಪದದ ನಿಜವಾದ ತೂಕ ಗೊತ್ತಾಗುವುದು ನೌಕರಿಯಲ್ಲಿ. ರಾಜ್ಯ ಸರ್ಕಾರದ ಕಾಯಂ ನೌಕರರೂ 60ಕ್ಕೆ ನಿವೃತ್ತರಾಗುತ್ತಾರೆ, ಅಂದಮೇಲೆ ಅದು ಶಾಶ್ವತ ಅಲ್ಲ. ಆದರೆ ಅಲ್ಲಿಯವರೆಗೆ ‘ನಾಳೆಯಿಂದ ಬರಬೇಡ’ ಅಂತ ಸುಮ್ನೆ ಯಾರೂ ಹೇಳುವಂತಿಲ್ಲ. 2006ರ ಉಮಾದೇವಿ ಪ್ರಕರಣ ನಮ್ಮ ರಾಜ್ಯದ ದಿನಗೂಲಿ ನೌಕರರದ್ದೇ. ನಿಯಮದಂತೆ ನೇಮಕವಾಗದವರು ಎಷ್ಟು ವರ್ಷ ದುಡಿದರೂ ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಧರಣಿ ಕೂತದ್ದು ಕೂಡ ಈ ಒಂದು ಪದಕ್ಕಾಗಿ.

ನಮ್ಮ ಬೀದಿ ಗುಡಿಸುವ ಅಕ್ಕ ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆದೇಶದ ಪ್ರತಿ ತಂದು ನನ್ನ ಕೈಗಿಟ್ಟರು. ನಾನು ಮೇಲಿಂದ ಓದಲು ಶುರು ಮಾಡಿದೆ. ಅದೆಲ್ಲ ಆಮೇಲೆ, ಕಾಯಂ ಅಂತ ಎಲ್ಲಿದೆ ಮೊದಲು ತೋರಿಸಿ ಅಂದರು. ಎರಡನೇ ಪ್ಯಾರಾದಲ್ಲಿ ‘ಖಾಯಂ’ ಅಂತ ಇತ್ತು, ಬೆರಳಿಟ್ಟು ತೋರಿಸಿದೆ. ಅವರೂ ಬೆರಳಿಟ್ಟರು, ಉಗುರಿನ ಸುತ್ತ ಇನ್ನೂ ಬ್ಲೀಚಿಂಗ್ ಪೌಡರಿನ ಬಿಳಿ. ಆ ಪದದ ಮೇಲೆ ಬೆರಳನ್ನು ಈ ತುದಿಯಿಂದ ಆ ತುದಿಗೆ ಎಳೆದು, ಇನ್ನೊಂದ್ಸಲ ಓದಿ ಅಂದರು. ಓದಿದೆ.