ಕಾಣಿಕೆಯ ಹತ್ತು ರೂಪಾಯಿ

ಎಂಟೊಂಬತ್ತು ವರ್ಷದ ಮಕ್ಕಳಿರುವ ಮನೆಗಳಲ್ಲಿ ಇಂಥದೊಂದು ಭಾನುವಾರ ಬರುತ್ತದೆ. ಸಂಡೇಸ್ಕೂಲಿಗೆ ಹೊರಟ ಮಗನ ಕೈಗೆ ಕಾಣಿಕೆಗೆಂದು 10 ರೂಪಾಯಿ ಕೊಟ್ಟಿರುತ್ತೀರಿ. ಮಧ್ಯಾಹ್ನ ಬಟ್ಟೆ ಒಗೆಯಲು ಹಾಕುವಾಗ ಪ್ಯಾಂಟಿನ ಜೇಬಿನಿಂದ ಚಾಕೊಲೇಟಿನ ಕಾಗದ ಬೀಳುತ್ತದೆ. ಕಾಣಿಕೆ ಚೀಲ ಸೇರಬೇಕಾದ ನೋಟು ಚರ್ಚಿನ ಗೇಟಿನಾಚೆಯ ಅಂಗಡಿ ಸೇರಿದೆ. ದುಡ್ಡು ಸಣ್ಣದು. ಆದರೆ ಅಂದು ರಾತ್ರಿಯೊಳಗೆ ಅಪ್ಪ ಅಮ್ಮ ಹೇಗೆ ನಡೆದುಕೊಳ್ಳುತ್ತಾರೋ ಅದರಿಂದಲೇ ಮಗು ಕ್ಷಮೆ ಎಂದರೇನೆಂದು ತಿಳಿಯುತ್ತದೆ. ವರ್ಷವಿಡೀ ಕಲಿತ ಬೈಬಲಿನ ಬಾಯಿಪಾಠ ವಚನಗಳಿಗಿಂತ ಆ ಅರ್ಧ ದಿನ ದೊಡ್ಡದು ಎಂದೇ ನನ್ನ ನಂಬಿಕೆ.

ಕಾಗದವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು "ಕಾಣಿಕೆ ಹಾಕಿದೆಯಾ?" ಎಂದು ಕೇಳಬೇಡಿ. ಉತ್ತರ ಗೊತ್ತಿದ್ದೂ ಕೇಳಿದರೆ ಹೆದರಿದ ಮಗು "ಹಾಕಿದೆ" ಎನ್ನುತ್ತದೆ. ಒಂದು ತಪ್ಪು ಇದ್ದಲ್ಲಿ ಎರಡಾಗುತ್ತದೆ, ಎರಡನೆಯದಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಗೊತ್ತಿರುವುದನ್ನು ನೇರವಾಗಿ ಹೇಳಿ: "ಜೇಬಲ್ಲಿ ಇದು ಸಿಕ್ತು ಕಣೋ. ಕಾಣಿಕೆ ದುಡ್ಡಲ್ಲಿ ತಗೊಂಡಿದೀಯ ಅನ್ಸುತ್ತೆ. ಏನಾಯ್ತು ಹೇಳು." ಆಮೇಲೆ ಸುಮ್ಮನಿರಿ. ಮಗು ಬಾಯಿಬಿಡಲು ಹೊತ್ತು ಬೇಕು. ಅಜ್ಜಿಯ ಮುಂದೆ, ತಂಗಿಯ ಮುಂದೆ, ಊಟಕ್ಕೆ ಬಂದ ನೆಂಟರ ಮುಂದೆ ಈ ಮಾತು ಬೇಡವೇ ಬೇಡ. ಮೈಯೆಲ್ಲ ಕೋಪವಿದ್ದರೆ ಊಟ ಮುಗಿಯಲಿ, ಸಂಜೆ ಮಾತಾಡಿ. ಆದರೆ ಮರುದಿನಕ್ಕೆ ಉಳಿಸಬೇಡಿ. ಸೂರ್ಯ ಮುಳುಗುವ ಮುನ್ನ ಕೋಪ ತೀರಲಿ ಎನ್ನುವ ಬೈಬಲಿನ ಎಫೆಸ 4:26 ಹೆತ್ತವರಿಗೂ ಸಲ್ಲುತ್ತದೆ.

ಕೆಲವರು, ಬೆತ್ತ ಹಿಡಿಯದವನು ಮಗನನ್ನು ದ್ವೇಷಿಸುತ್ತಾನೆ ಎನ್ನುವ ಜ್ಞಾನೋಕ್ತಿ 13:24 ಹೇಳಿ ಬೆತ್ತ ಹುಡುಕುತ್ತಾರೆ. ಹೊಡೆತ ತಿಂದ ಮಗು ಕಲಿಯುವುದು ಕಾಗದವನ್ನು ಜೇಬಿನಲ್ಲಿ ಇಟ್ಟುಕೊಳ್ಳಬಾರದು ಎಂಬುದನ್ನು ಮಾತ್ರ. ಮಕ್ಕಳನ್ನು ಮನಗುಂದುವಂತೆ ಕೆಣಕಬೇಡಿ ಎಂದು ಕೊಲೊಸ್ಸೆ 3:21 ತಂದೆಯರಿಗೇ ಹೇಳಿದೆಯಲ್ಲ, ಅದನ್ನೂ ಪಕ್ಕದಲ್ಲಿಟ್ಟು ಓದಬೇಕು.

ಹಾಗೆಂದು "ಹೋಗಲಿ ಬಿಡು" ಎಂದು ಬಿಟ್ಟುಬಿಡುವುದು ಕೃಪೆಯಲ್ಲ. ಲೂಕ 19ರ ಜಕ್ಕಾಯನನ್ನು, ಸುಂಕ ವಸೂಲಿ ಮಾಡುತ್ತಿದ್ದ ಸಿರಿವಂತನನ್ನು, ನೋಡಿ. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದು ಅವನು ಹೇಳಿದ್ದು, ನಿನ್ನ ಮನೆಗೆ ಬರುತ್ತೇನೆ ಎಂದು ಯೇಸು ತಾನಾಗಿ ಹೇಳಿದ ನಂತರ. ಮೊದಲು ಸ್ವೀಕಾರ, ಆಮೇಲೆ ಲೆಕ್ಕ. ಮನೆಯಲ್ಲೂ ಇದೇ ಕ್ರಮ ಇರಲಿ. ಮಗು ತಪ್ಪೊಪ್ಪಿಕೊಂಡ ಕೂಡಲೇ ತಬ್ಬಿಕೊಂಡು "ಕ್ಷಮಿಸಿದ್ದೀನಿ" ಎಂದು ಬಾಯಿಬಿಟ್ಟು ಹೇಳಿ. ಲೆಕ್ಕ ತೀರುವವರೆಗೆ ಮುಖ ಗಂಟು ಹಾಕಿಕೊಂಡಿದ್ದರೆ ಅಪ್ಪ ಅಮ್ಮನ ಪ್ರೀತಿಯನ್ನು ದುಡಿದು ಸಂಪಾದಿಸಬೇಕು ಎಂದು ಮಗು ತಿಳಿಯುತ್ತದೆ. ಮುಂದೆ ದೇವರನ್ನೂ ಹಾಗೇ ಎಣಿಸುತ್ತದೆ.

ಇನ್ನು ಲೆಕ್ಕ. ಯಾಜಕಕಾಂಡ 6:5ರಲ್ಲಿ, ತೆಗೆದುಕೊಂಡದ್ದನ್ನು ಪೂರ್ತಿ ಕೊಟ್ಟು ಅದರ ಐದನೆಯ ಒಂದು ಪಾಲನ್ನು ಸೇರಿಸಬೇಕೆಂದಿದೆ. 10ಕ್ಕೆ 2 ಸೇರಿ 12 ರೂಪಾಯಿ. ಮಗುವಿಗೆ ಇದು ಸರಿಯಾದ ಅಳತೆ: ಹೊರೆಯೂ ಅಲ್ಲ, ಆಟವೂ ಅಲ್ಲ. ಜಕ್ಕಾಯನ ನಾಲ್ಕರಷ್ಟನ್ನು ಹೇರಬೇಡಿ, ಅದು ಅವನು ತಾನಾಗಿ ಕೊಟ್ಟದ್ದು. ಗೋಲಕದಲ್ಲಿ ಸ್ವಂತ ಉಳಿತಾಯವಿದ್ದರೆ ಅಲ್ಲಿಂದ ತೆಗೆಯಲಿ. ಇಲ್ಲದಿದ್ದರೆ ದಿನವೂ ಮಾಡಬೇಕಾದ ಕೆಲಸ ಬಿಟ್ಟು ಬೇರೊಂದು ಕೊಡಿ. ಬೆಳ್ಳುಳ್ಳಿ ಬಿಡಿಸುವುದು, ಅವರೆಕಾಯಿ ಸುಲಿಯುವುದು, ಪುಸ್ತಕದ ಕಪಾಟಿನ ಧೂಳು ಒರೆಸುವುದು. ಪಾಪ ಎಂದು ಅಜ್ಜ ಗುಟ್ಟಾಗಿ ನೋಟು ಕೊಡದಂತೆ ಮೊದಲೇ ಹೇಳಿಡಿ.

ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಬಹಳ ಮನೆಗಳು ಎಡವುತ್ತವೆ. ಎಲ್ಲರೂ ಕಣ್ಣು ಮುಚ್ಚಿರುವಾಗ ಅಪ್ಪ ಗಟ್ಟಿಯಾಗಿ, "ಕರ್ತನೇ, ಸುಳ್ಳು ಹೇಳುವ ಈ ಮಗನಿಗೆ ಬುದ್ಧಿ ಕೊಡು" ಎನ್ನುತ್ತಾರೆ. ಅದು ದೇವರಿಗೆ ಹೇಳಿದ್ದಲ್ಲ, ಮಗನಿಗೆ ಹೇಳಿದ್ದು. ಎದುರು ಮಾತಾಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಹುಡುಗನ ಕಿವಿ ಕೆಂಪಾಗುತ್ತದೆ, ಮರುದಿನ ಪ್ರಾರ್ಥನೆಯ ಹೊತ್ತಿಗೆ ಹೊಟ್ಟೆನೋವು ಶುರುವಾಗುತ್ತದೆ. "ಯೇಸಪ್ಪ ನೋಡ್ತಾ ಇದ್ದಾನೆ, ಶಿಕ್ಷೆ ಕೊಡ್ತಾನೆ" ಎನ್ನುವ ಹೆದರಿಕೆಯೂ ಅಷ್ಟೇ. ಆ ರಾತ್ರಿ ಅಪ್ಪ ತಮ್ಮದೇ ತಪ್ಪಿಗೆ ಕ್ಷಮೆ ಬೇಡಲಿ. ಫೋನ್ ಬಂದಾಗ "ಅಪ್ಪ ಮನೇಲಿಲ್ಲ ಅಂತ ಹೇಳು" ಎಂದದ್ದು ಮಕ್ಕಳಿಗೆ ನೆನಪಿರುತ್ತದೆ.

ಮುಂದಿನ ಭಾನುವಾರ ಅವನು ಆ 12 ರೂಪಾಯಿಯನ್ನು ತಾನೇ ಚೀಲಕ್ಕೆ ಹಾಕಲಿ. ಆ ವಾರದ ಕಾಣಿಕೆಯನ್ನೂ ಅವನ ಕೈಗೇ ಕೊಡಿ, "ಈ ಸಲ ತಿನ್ಬೇಡ" ಎಂಬ ಮಾತಿಲ್ಲದೆ. ಬೆನ್ನ ಹಿಂದೆ ಸಂಡೇಸ್ಕೂಲ್ ಟೀಚರನ್ನು ವಿಚಾರಿಸಬೇಡಿ. ಮತ್ತೆ ಅದೇ ತಪ್ಪಾದರೆ ಬೈಗುಳ ಹೆಚ್ಚಿಸುವ ಬದಲು ಕಾರಣ ಹುಡುಕಿ. ಆರಾಧನೆ ಬಿಟ್ಟ ಮೇಲೆ ಗೆಳೆಯರೆಲ್ಲ ಅಂಗಡಿಗೆ ಓಡುವಾಗ ಇವನೊಬ್ಬನ ಜೇಬು ಖಾಲಿಯಿರಬಹುದು. ಹಾಗಿದ್ದರೆ ಕಾಣಿಕೆ ಬೇರೆ, ಕೈಖರ್ಚಿನ ಹತ್ತು ರೂಪಾಯಿ ಬೇರೆ ಎಂದು ಎರಡು ನೋಟು ಕೊಡಿ, ಒಂದನ್ನು ಎಡಜೇಬಿಗೆ, ಇನ್ನೊಂದನ್ನು ಬಲಜೇಬಿಗೆ ಅವನೇ ಹಾಕಿಕೊಳ್ಳಲಿ.